ಬಾರ್ಟ್ಲಿಗೆ ಒಣ ನೆಲ

ಬಾರ್ಟ್ಲಿ ಫಾಹಿ ಏಪ್ರಿಲ್ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ತೀರಿಕೊಂಡ. ಎಂಬತ್ತೊಂದು ವರ್ಷ ಬದುಕಿದ ಆ ಮನುಷ್ಯ, ಗೋಡೆಯಾಚೆಯ ಡೀಲಿಯಾ ಲಿನೇನ್ ಹೇಳಿದ ಒಂದೇ ಒಂದು ಮಾತನ್ನೂ ಜನ್ಮದಲ್ಲಿ ಒಪ್ಪಿದವನಲ್ಲ. ಸಾಯುವ ನಾಲ್ಕು ದಿನ ಮುಂಚೆ ಒಂದನ್ನು ಒಪ್ಪಿಕೊಂಡ. ಒಪ್ಪಿಕೊಂಡ ತಪ್ಪಿಗೋ ಏನೋ, ಒಂದು ಕೆಲಸವನ್ನೂ ಅವಳ ಕೊರಳಿಗೆ ಕಟ್ಟಿ ಹೋದ.

"ನನ್ನನ್ನ ಆ ಕೆಳಗಿನ ಹೊಲದಲ್ಲಿ ಹೂಳೋಕೆ ಬಿಡಬೇಡ ಕಣೆ," ಎಂದಿದ್ದ, ಮೂರು ದಿಂಬಿಗೆ ಒರಗಿಕೊಂಡು, ಒಂದೊಂದು ಪದಕ್ಕೂ ಉಸಿರು ಹುಡುಕುತ್ತ. "ತೊಂಬತ್ತನೇ ಇಸವೀಲಿ ಅಲ್ಲಿ ಕರು ತೇಲ್ತಿದ್ದದ್ದನ್ನ ಈ ಕಣ್ಣಲ್ಲೇ ನೋಡಿದೀನಿ. ನೀರೊಳಗೆ ಮಲಗೋಕೆ ನನ್ನ ಕೈಲಾಗಲ್ಲ. ಎಲ್ಲಾದ್ರೂ ಒಣ ಜಾಗ ನೋಡು."

ಡೀಲಿಯಾಳಿಗೆ ಮೈಯೆಲ್ಲ ಉರಿದುಹೋಯಿತು. ಈ ಮಾತನ್ನು ಆರು ತಿಂಗಳ ಹಿಂದೆ, ಊರೆಲ್ಲ ಕೂತಿದ್ದ ಸಭೆಯಲ್ಲಿ, ಅವಳು ಬಾಯಿಬಿಟ್ಟು ಕೇಳಿದಾಗ ಆಡಿದ್ದರೆ ಆಗುತ್ತಿತ್ತು. ಅಂದು ಆಡಲಿಲ್ಲ. "ಸಭೇಲಿ ಎಲ್ಲರನ್ನೂ ನಗಿಸಿದ್ದು ನೀನೇ ಅಲ್ವಾ? ಹೋಗು, ಅಲ್ಲೇ ಮಲಗು," ಎಂದು ಹೇಳಿ ಎದ್ದು ಬಂದಳು. ಅವರಿಬ್ಬರ ನಡುವಿನ ಕೊನೆಯ ಮಾತು ಅದೇ ಆಯಿತು.

ಕಾಹೆರ್‌ಲಿನ್ ಎಂಬ ಆ ಊರಿನಲ್ಲಿ ಡೀಲಿಯಾಳದು ಮಳೆ ಅಳೆಯುವ ಕೆಲಸ. ಹವಾಮಾನ ಕಚೇರಿಯವರು ಅವಳ ಹಿತ್ತಿಲ ಹುಲ್ಲಿನಲ್ಲಿ ತಾಮ್ರದ ಡಬ್ಬವೊಂದನ್ನು ಹುಗಿದು ಮೂವತ್ತೇಳು ವರ್ಷವಾಗಿತ್ತು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಡಬ್ಬದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ನೇರಕ್ಕೆ ಹಿಡಿದು, ಪುಸ್ತಕದಲ್ಲಿ ಬರೆಯಬೇಕು. ಬೇಸಿಗೆಗೆಂದು ಸರ್ಕಾರ ಗಡಿಯಾರವನ್ನು ಮುಂದಕ್ಕೆ ತಿರುಗಿಸಿದ ಮೇಲೆ ಹತ್ತಕ್ಕೆ, ಯಾಕೆಂದರೆ ಸರ್ಕಾರ ಹೇಳಿತೆಂದು ಮಳೆ ಒಂದು ಗಂಟೆ ಬೇಗ ಏಳುವುದಿಲ್ಲ. ಬೆಳಿಗ್ಗೆ ಸಿಕ್ಕ ನೀರನ್ನು ಹಿಂದಿನ ದಿನದ ಹೆಸರಿಗೆ ಬರೆಯಬೇಕೆಂಬುದು ಕಚೇರಿಯ ನಿಯಮ. ಬಾರ್ಟ್ಲಿಗೆ ಅಷ್ಟು ಸಾಕಾಗಿತ್ತು. ಮೂವತ್ತೇಳು ವರ್ಷವೂ ಅವನು ಕಲ್ಲುಗೋಡೆಗೆ ಮೊಣಕೈ ಊರಿ, "ನಿನ್ನೆ ಎಂಥಾ ಬಿಸಿಲಿತ್ತು ಮಾರಾಯ್ತಿ, ಅದರ ತಲೆಗೆ ಮಳೆ ಕಟ್ತೀಯಲ್ಲ, ಪಾಪ ತಟ್ಟತ್ತೆ," ಎನ್ನುತ್ತಿದ್ದ.

ಅವನ ಲೆಕ್ಕವೇ ಬೇರೆ. ಕೋಗಿಲೆ ಕೂಗಿದ ದಿನ, ಹಸುವಿನ ಮೈಮೇಲಿನ ಕೂದಲು ಉದುರಿದ ದಿನ, ತನ್ನ ಎದೆಯಲ್ಲಿ ಸಿಳ್ಳೆ ನಿಂತ ದಿನ, ಇವು ಅವನ ಪಂಚಾಂಗ. ಮಾರ್ಚ್ ತಿಂಗಳು ಮುಗಿದರೂ ದನ ಹೊರಗೆ ಬಿಡುತ್ತಿರಲಿಲ್ಲ. ಅದಕ್ಕೊಂದು ಹಳೆಯ ಕತೆ: ಪಟ್ಟೆ ಹಸುವೊಂದು ಮಾರ್ಚ್ ತನ್ನನ್ನು ಏನೂ ಮಾಡಲಾಗಲಿಲ್ಲವೆಂದು ಬಾಲ ಎತ್ತಿ ಕುಣಿಯಿತಂತೆ. ಮಾರ್ಚ್‌ಗೆ ಸಿಟ್ಟು ಬಂದು ಏಪ್ರಿಲ್‌ನಿಂದ ಕೆಲವು ದಿನ ಕಡ ತಂದು ಅದರ ಚರ್ಮ ಸುಲಿಯಿತಂತೆ. ಆ ಕಡದ ದಿನಗಳು ದಾಟುವವರೆಗೆ ಯಾರೂ ಜಂಬ ಕೊಚ್ಚಬಾರದು ಎನ್ನುತ್ತಿದ್ದವನು, ಈ ವರ್ಷ ಮಾತ್ರ ಏಪ್ರಿಲ್ ಒಂದಕ್ಕೇ ತಾನು ಚಳಿಗಾಲವನ್ನು ಗೆದ್ದೆನೆಂದು ಡಾಕ್ಟರ ಎದುರು ಜಂಬ ಕೊಚ್ಚಿದ್ದ. ಹದಿನೈದು ದಿನವೂ ಆಗಲಿಲ್ಲ, ಹಸುವಿನ ದಾರಿಯನ್ನೇ ಹಿಡಿದ.

ವಸಂತಗಳ ವಿಷಯಕ್ಕೆ ಬಂದರಂತೂ ಇಬ್ಬರದೂ ಹಾವು ಮುಂಗುಸಿ ಸಂಬಂಧ. ಎರಡು ಸಾವಿರದ ಹದಿಮೂರರ ವಸಂತದಲ್ಲಿ ಹುಲ್ಲೇ ಹುಟ್ಟದೆ ಸಮುದ್ರದಾಚೆಯಿಂದ ಮೇವು ತರಿಸಿದ್ದು ಇಬ್ಬರಿಗೂ ಗೊತ್ತು. ಆದರೆ ಅದು ಚಳಿಗೋ ಮಳೆಗೋ ಎಂದು ಎರಡು ವರ್ಷ ಜಗಳವಾಡಿದರು. ಹದಿನೆಂಟರಲ್ಲಿ ಮಾರ್ಚ್ ತಿಂಗಳಲ್ಲಿ ಹಿಮ ಸುರಿದು ಅಂಗಡಿಗಳಲ್ಲಿ ಬ್ರೆಡ್ ಖಾಲಿಯಾದಾಗ, ನಲವತ್ತೇಳರ ಹಿಮದ ಮುಂದೆ ಇದು ಹಿಟ್ಟು ಚೆಲ್ಲಿದ ಹಾಗೆ ಎಂದ ಬಾರ್ಟ್ಲಿ. ನಲವತ್ತೇಳರಲ್ಲಿ ನೀನು ತೊಟ್ಟಿಲಲ್ಲಿದ್ದೆ ಎಂದಳು ಡೀಲಿಯಾ. ಇಬ್ಬರಿಗೂ ಜಗಳವಿಲ್ಲದ ವಸಂತ ಒಂದೇ, ಎರಡು ಸಾವಿರದ ಒಂದರದ್ದು. ಆ ವರ್ಷ ಕಾಲುಬಾಯಿ ಜ್ವರದ ಭಯ. ಚರ್ಚಿನ ಬಾಗಿಲಲ್ಲಿ ಔಷಧಿಯಲ್ಲಿ ನೆನೆಸಿದ ಚಾಪೆಯ ಮೇಲೆ ಕಾಲೊರೆಸಿ ಒಳಗೆ ಹೋಗಬೇಕಿತ್ತು, ಆಕಾಶ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಕೆಳಗಿನ ಹೊಲದ ಕತೆಗೆ ಮಾತ್ರ ಆಕಾಶ ನೋಡಿದರೆ ಸಾಲದು, ನೆಲ ನೋಡಬೇಕು. ಕಾಹೆರ್‌ಲಿನ್ ಇರುವುದು ಸುಣ್ಣಕಲ್ಲಿನ ಸೀಮೆಯಲ್ಲಿ. ಅಲ್ಲಿ ಹೊಳೆಗಳು ನೆಲದೊಳಗೆ ಹರಿಯುತ್ತವೆ, ಕೆರೆಗಳು ಬಂದು ಹೋಗುತ್ತವೆ. ಇವತ್ತು ಕುರಿ ಮೇಯುತ್ತಿರುವ ತಗ್ಗಿನಲ್ಲಿ ಇನ್ನು ಮೂರು ವಾರಕ್ಕೆ ಹಂಸ ಈಜುತ್ತಿರಬಹುದು. ಮೇಲಿಂದ ಸುರಿದ ಮಳೆ ಬಂಡೆಯ ಸಂದಿನಲ್ಲಿ ಇಳಿದು, ಯಾವತ್ತೋ ಒಂದು ದಿನ ಕೆಳಗಿಂದ ಮೇಲೆ ಬರುತ್ತದೆ. ಅದು ಬರುವುದು ಹೆಚ್ಚಾಗಿ ಫೆಬ್ರವರಿಯಲ್ಲಿ, ಇಳಿದು ಹೋಗುವುದು ಏಪ್ರಿಲ್‌ನಲ್ಲಿ.

ಚರ್ಚಿನ ಹಿಂದಿನ ದಿಬ್ಬದ ಮೇಲಿದ್ದ ಹಳೆಯ ಸ್ಮಶಾನ ತುಂಬಿಹೋಗಿತ್ತು, ಉಳಿದದ್ದು ಕೆಲವು ಮನೆತನದವರು ತಮಗೆಂದು ಕಾದಿಟ್ಟ ಜಾಗ ಮಾತ್ರ. ಹೊಸ ಜಾಗ ಬೇಕೆಂದಾಗ ಸ್ಮಶಾನ ಸಮಿತಿಯ ಅಧ್ಯಕ್ಷ ಜೆರಾರ್ಡ್ ಹೈನ್ಸ್, ದಿಬ್ಬದ ಬುಡದಲ್ಲಿದ್ದ ತನ್ನ ಹೊಲವನ್ನು ದಾನ ಕೊಡುತ್ತೇನೆಂದ. ದಾನದ ಹಸುವಿನ ಹಲ್ಲು ಎಣಿಸುವವರು ಯಾರು? ಡಬ್ಲಿನ್‌ನಿಂದ ಎಂಜಿನಿಯರ್ ಒಬ್ಬ ಬಂದು ಹೊಲದಲ್ಲಿ ಮೂರು ಕೊಳವೆ ಇಳಿಸಿ, ನೆಲದೊಳಗೆ ನೀರು ಎಷ್ಟು ಮೇಲೆ ಬರುತ್ತದೆಂದು ಚಳಿಗಾಲ ಪೂರ್ತಿ ವಾರಕ್ಕೊಮ್ಮೆ ನೋಡಿ ಬರೆಯಿರಿ ಎಂದು ಹೇಳಿ ಹೋದ. ಸಮಿತಿಯವರು ನಿಯತ್ತಿನಿಂದ ಬರೆದರು. ನವೆಂಬರ್, ಡಿಸೆಂಬರ್, ಜನವರಿ. ಜನವರಿ ಮೂವತ್ತೊಂದರ ಸಂಜೆ ಕೊಳವೆ ಕಿತ್ತು, ತೊಳೆದು, ಗೋಣಿಯಲ್ಲಿ ಸುತ್ತಿಟ್ಟರು. ಮಾರನೆಯ ದಿನ ಸಂತ ಬ್ರಿಜಿಡಳ ಹಬ್ಬ. ಅವರ ಅಪ್ಪ, ಅಜ್ಜ, ಮುತ್ತಜ್ಜನ ಕಾಲದಿಂದಲೂ ವಸಂತ ಹುಟ್ಟುವುದು ಅಂದೇ. ಡಬ್ಲಿನ್‌ನ ಎಂಜಿನಿಯರ್‌ಗೆ ಅದು ಹುಟ್ಟುವುದು ಮಾರ್ಚ್ ಒಂದಕ್ಕೆ. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಮೋಸ ಮಾಡಲಿಲ್ಲ. ಅವನು ಚಳಿಗಾಲವೆಲ್ಲ ನೆಲ ಒಣಗಿತ್ತೆಂದು ಓದಿ ಸಹಿ ಹಾಕಿದ, ಕೊನೆಯ ತಾರೀಖು ನೋಡುವ ಗೋಜಿಗೆ ಹೋಗಲಿಲ್ಲ.

ಆ ವರ್ಷದ ಫೆಬ್ರವರಿಯ ಇಪ್ಪತ್ತೆಂಟು ದಿನದಲ್ಲಿ ಇಪ್ಪತ್ತಮೂರು ದಿನ ಡೀಲಿಯಾಳ ಡಬ್ಬದಲ್ಲಿ ನೀರಿತ್ತು. ಆ ಹೊಲದ ಗತಿಯೇನಾಯಿತೆಂದು ನೋಡಲು ಅವಳೊಬ್ಬಳೇ ಬೂಟು ಹಾಕಿಕೊಂಡು ಹೋದಳು. ಇಟ್ಟ ಹೆಜ್ಜೆ ಮುಳುಗುತ್ತಿತ್ತು, ಎತ್ತಿದ ಹೆಜ್ಜೆಯಲ್ಲಿ ನೀರು ತುಂಬುತ್ತಿತ್ತು. ಬ್ರಿಜಿಡಳ ಹಬ್ಬಕ್ಕೆ ಊರವರು ಶಿಲುಬೆ ಹೆಣೆಯಲು ಜೊಂಡು ಕೊಯ್ಯುವುದೇ ಆ ಹೊಲದಲ್ಲಿ. ಜೊಂಡು ಬೆಳೆಯುವ ನೆಲ ಒಣಗಿದ ನೆಲ ಹೇಗಾದೀತೆಂದು ಕಂಡಕಂಡವರನ್ನು ಕೇಳಿದಳು. ಎಲ್ಲರೂ ತಲೆ ಆಡಿಸಿ ತಮ್ಮ ದಾರಿ ಹಿಡಿದರು.

ಕಳೆದ ಅಕ್ಟೋಬರ್‌ನಲ್ಲಿ ಹೊಲ ಒಪ್ಪಿಕೊಳ್ಳಬೇಕೇ ಎಂದು ಸಭೆ ಸೇರಿದಾಗ ಅವಳು ಪುಸ್ತಕ ಹಿಡಿದು ನಿಂತು ವಸಂತಗಳನ್ನು ಒಂದೊಂದಾಗಿ ಓದಿದಳು. ತೊಂಬತ್ತು, ತೊಂಬತ್ತೈದು, ಹದಿನಾರು. ಯಾವ ವರ್ಷದ ಫೆಬ್ರವರಿಯಲ್ಲಿ ಎಷ್ಟು ಬಿತ್ತು, ಯಾವ ವರ್ಷ ಕೆರೆ ಎಲ್ಲಿಗೆ ಬಂತು. ಜೆರಾರ್ಡ್ ಬಹಳ ಮರ್ಯಾದೆಯಿಂದ, ನಿಮ್ಮ ಪುಸ್ತಕದಲ್ಲಿರುವುದು ಆಕಾಶದ ನೀರು, ನಾವು ಮಾತಾಡುತ್ತಿರುವುದು ನೆಲದ ನೀರು ಎಂದ. ತೊಂಬತ್ತರಲ್ಲಿ ಅವನು ಇಂಗ್ಲೆಂಡಿನಲ್ಲಿದ್ದ. ಕಣ್ಣಾರೆ ಕಂಡವರೆಲ್ಲ ದಿಬ್ಬದ ಸ್ಮಶಾನದಲ್ಲಿ ಮಲಗಿದ್ದರು. ಉಳಿದದ್ದು ಬಾರ್ಟ್ಲಿ ಒಬ್ಬ.

"ಬಾರ್ಟ್ಲಿ, ನೀನಿದ್ದೆ ಅಲ್ಲಿ. ಹೇಳು ಇವರಿಗೆ," ಎಂದಳು ಡೀಲಿಯಾ.

ಬಾರ್ಟ್ಲಿ ಎದ್ದ. ನೂರಿಪ್ಪತ್ತು ಜನ ಅವನ ಬಾಯಿ ನೋಡುತ್ತಿದ್ದರು. ಅಷ್ಟು ಜನ ಒಟ್ಟಿಗೆ ತನ್ನ ಬಾಯಿ ನೋಡಿದ್ದು ಅವನ ಆಯುಷ್ಯದಲ್ಲೇ ಇರಲಿಲ್ಲ, ಪಾಪ, ತಲೆಗೇರಿತು. "ಡೀಲಿಯಾ ಡಬ್ಬದಲ್ಲಿ ಇರೋದು ಅರ್ಧ ಮಳೆ," ಎಂದ. "ಇನ್ನರ್ಧ ಅವಳ ಬಾತುಕೋಳೀದು."

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನಲ್ಲಿ ಯಾರೋ ಬಾತುಕೋಳಿಯ ಹಾಗೆ ಕೂಗಿದರು. ನಗು ನಿಲ್ಲುವ ಮೊದಲೇ ಕೈ ಎತ್ತಿಸಿ ತೀರ್ಮಾನ ಮುಗಿಸಿದರು. ಮಾರ್ಚ್‌ನಲ್ಲಿ ಫಾದರ್ ಕಿಲೀನ್ ಹೊಲಕ್ಕೆ ಪವಿತ್ರ ಜಲ ಚಿಮುಕಿಸಿದರು. ಅಲ್ಲಿ ನೀರಿಗೇನು ಕೊರತೆ ಎಂದು ಡೀಲಿಯಾ ಮನೆಯಲ್ಲೇ ಕೂತು ಗೊಣಗಿದಳು.

ಈಗ ಬಾರ್ಟ್ಲಿ ತನ್ನ ಮನೆಯ ನಡುಕೋಣೆಯಲ್ಲಿ, ಕೈಗೆ ಜಪಸರ ಸುತ್ತಿಸಿಕೊಂಡು, ಒಳ್ಳೆಯ ಕೋಟು ತೊಟ್ಟು ಮಲಗಿದ್ದ. ಶನಿವಾರ ಸಂಜೆ ಊರೆಲ್ಲ ಅಲ್ಲಿತ್ತು. ಗಾಲ್ವೇ ಪಟ್ಟಣದಿಂದ ಬಂದಿದ್ದ ಅವನ ತಂಗಿಯ ಮಗಳು ಇಮೆಲ್ಡಾ ಚಹಾ ಕೊಡುತ್ತಿದ್ದಳು. ಒಳ್ಳೆಯ ಹೆಂಗಸು, ಆದರೆ ಊರಿನ ಸಂಗತಿ ಒಂದೂ ಗೊತ್ತಿಲ್ಲ. ಹೆಣದ ಮನೆಯಲ್ಲಿ ಏನು ಮಾತಾಡಬೇಕೋ ಅದನ್ನೇ ಜನ ಮಾತಾಡುತ್ತಿದ್ದರು. ಮೂರು ವಾರದಿಂದ ಪೂರ್ವದ ಗಾಳಿ, ಹನಿ ಮಳೆಯಿಲ್ಲ, ಮುಳ್ಳುಪೊದೆಗಳೆಲ್ಲ ಹಳದಿ ಹೂವಾಗಿ ನಿಂತಿವೆ. ಇಂಥ ಒಣ ವಸಂತ ಹಿಂದೆ ಯಾವತ್ತು ಬಂದಿತ್ತು? ಒಬ್ಬರು ಎಪ್ಪತ್ತಾರು ಎಂದರು. ಇನ್ನೊಬ್ಬರು, ಎಪ್ಪತ್ತಾರು ಬೇಸಿಗೆಯಲ್ಲವೇ ಒಣಗಿದ್ದು ಎಂದರು. ತನ್ನ ಮದುವೆಯ ವರ್ಷವೇ ಎಲ್ಲಕ್ಕಿಂತ ಒಣ ವರ್ಷವೆಂದು ಒಬ್ಬ ಹೇಳಿದ್ದಕ್ಕೆ ಅವನ ಹೆಂಡತಿ, ಆಮೇಲೂ ಹಾಗೇ ಇದೆ ಎಂದಳು.

ಜೆರಾರ್ಡ್ ಹೈನ್ಸ್ ವಿಸ್ಕಿ ಲೋಟ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡ. ಹೊಸ ಸ್ಮಶಾನದ ಮೊದಲ ಸಮಾಧಿ ಬಾರ್ಟ್ಲಿಯದಾಗುವುದು ಊರಿಗೇ ಒಂದು ಗೌರವ; ಮಂಗಳವಾರ ಪೂಜೆ; ನಾಳೆ ಭಾನುವಾರವೇ ಮೊದಲ ಹೆಂಟೆ ಎತ್ತಿಬಿಡೋಣ ಎಂದ. ಯಾಕೆಂದರೆ ಸೋಮವಾರ ಸಮಾಧಿಗೆ ನೆಲ ತೆರೆಯುವ ಹಾಗಿಲ್ಲ, ತೆರೆದರೆ ವರ್ಷದೊಳಗೆ ಇನ್ನೊಂದು ಹೆಣ ಬೀಳುತ್ತದೆ. ಭಾನುವಾರ ಒಂದು ಹುಲ್ಲುಹೆಂಟೆ ತಿರುಗಿಸಿ ಇಟ್ಟರೆ ದೋಷವಿಲ್ಲ, ಸೋಮವಾರ ಮಾಡುವುದು ಬರೀ ಮುಂದುವರಿಕೆ. ಸಾವಿಗೂ ಅಷ್ಟು ಕಾನೂನು ತಿಳಿಯುವುದಿಲ್ಲವೆಂದು ಆ ಊರಿನ ನಂಬಿಕೆ.

"ಬಾರ್ಟ್ಲಿ ಅಲ್ಲಿಗೆ ಹೋಗಲ್ಲ," ಎಂದಳು ಡೀಲಿಯಾ.

ಲೋಟಗಳು ಬಾಯಿಯ ಹತ್ತಿರ ನಿಂತವು. ಜೆರಾರ್ಡ್ ನಗುತ್ತ, ನೆಲ ಬಿಸ್ಕತ್ತಿನ ಹಾಗೆ ಒಣಗಿದೆ, ಬೇಕಾದರೆ ನಾಳೆ ಬಂದು ಮುಟ್ಟಿ ನೋಡಿ ಎಂದ. ಈ ವಸಂತವನ್ನು ಕೇಳಬೇಡ, ಬೇರೆ ವಸಂತಗಳನ್ನು ಕೇಳು ಎಂದಳು ಅವಳು. ಬಾರ್ಟ್ಲಿ ಒಣ ಜಾಗ ಬೇಕೆಂದು ತನ್ನಲ್ಲಿ ಹೇಳಿದ್ದಾನೆ ಎಂದೂ ಹೇಳಿದಳು. ಎಲ್ಲರ ಮುಖದಲ್ಲೂ ಒಂದೇ ಸಂಶಯ ಕಾಣುತ್ತಿತ್ತು: ಆಯುಷ್ಯವಿಡೀ ಅವಳ ಮಾತಿಗೆ ಇಲ್ಲ ಎಂದವನು ಸಾಯುವಾಗ ಹೌದು ಎಂದನೆಂದರೆ ನಂಬುವುದು ಹೇಗೆ? ಇಮೆಲ್ಡಾ ಮಾತ್ರ ಅವಳನ್ನು ಒಲೆಯ ಬಳಿಗೆ ಕರೆದು, ಕಣ್ಣು ಒರೆಸಿಕೊಳ್ಳುತ್ತ ಕೇಳಿದಳು: "ಸರಿ ಡೀಲಿಯಾ, ನೀವು ಹೇಳೋದೇ ನಿಜ ಅಂತಿಟ್ಕೊಳ್ಳಿ. ಫಾಹಿಗಳ ಜಾಗ ತುಂಬೋಗಿದೆ. ಮಾವನ್ನ ಎಲ್ಲಿ ಇಡಲಿ ನಾನು?"

ಡೀಲಿಯಾ ಅವಳ ಬೆನ್ನು ಸವರಿ ಹೊರಟಳು. ಮನೆಗೆ ಬಂದು ಬಾತುಕೋಳಿಗಳನ್ನು ಗೂಡಿಗೆ ಅಟ್ಟಿ ಬಾಗಿಲು ಹಾಕಿಕೊಂಡಳು. ಸತ್ತವನ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಒಂದು ಮಾತು ಆಡಿದ್ದರೆ ಮುಗಿಯುತ್ತಿದ್ದುದನ್ನು ನಗೆಚಾಟಿಕೆ ಮಾಡಿ, ಈಗ ಕೈಕಾಲು ಚಾಚಿ ಮಲಗಿದ್ದಾನೆ. ಆದರೆ ಹೋಗು, ಅಲ್ಲೇ ಮಲಗು ಎಂದದ್ದು ತಾನು. ಆ ಮಾತನ್ನು ಅವನು ಜೊತೆಗೆ ತೆಗೆದುಕೊಂಡು ಹೋಗುವುದು ಅವಳಿಗೆ ಸಹಿಸಲಾಗಲಿಲ್ಲ. ತಾನು ಹಟಮಾರಿ ಎಂದು ಊರು ಅನ್ನುವುದು ಹೊಸದೇನಲ್ಲ, ಅನ್ನಲಿ ಎಂದುಕೊಂಡಳು.

ಭಾನುವಾರ ಪೂಜೆ ಮುಗಿದ ಮೇಲೆ ಜನ ಚದುರದೆ ದಿಬ್ಬ ಇಳಿದು ಕೆಳಗಿನ ಹೊಲಕ್ಕೆ ಹೋದರು. ಸಮಾಧಿ ಅಗೆಯುವುದು ಆ ಊರಿನಲ್ಲಿ ನೆರೆಯವರ ಕೆಲಸ, ಕೂಲಿಯವರದಲ್ಲ. ಮ್ಯಾಟಿ ಕ್ವಿನ್ ಸನಿಕೆ ಹಿಡಿದು ಮುಂದಿದ್ದ, ಅವನ ಹಿಂದೆ ಮೂವರು. ಸನಿಕೆ ಊರಬೇಕಾದ ಜಾಗದಲ್ಲಿ ಡೀಲಿಯಾ ಮೊದಲೇ ಬಂದು ನಿಂತಿದ್ದಳು, ಪೂಜೆಗೆ ತೊಡುವ ನೀಲಿ ಕೋಟಿನಲ್ಲಿ, ಕಾಲಿಗೆ ಮಾತ್ರ ರಬ್ಬರ್ ಬೂಟು. ಅಂಥ ಒಣ ದಿನ ರಬ್ಬರ್ ಬೂಟು ನೋಡಿ ಇಬ್ಬರು ಕಿಸಕ್ಕೆಂದರು.

ಫಾದರ್ ಕಿಲೀನ್ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯವರು. ಎಂಜಿನಿಯರ್ ಬರೆದುಕೊಟ್ಟಿದ್ದಾನೆ, ನೆಲ ಪವಿತ್ರವಾಗಿದೆ, ಸತ್ತವರ ಮುಂದೆ ಜಗಳ ಶೋಭಿಸದು, ಮಂಗಳವಾರ ಕಳೆದ ಮೇಲೆ ನಿಧಾನವಾಗಿ ಮಾತಾಡೋಣ ಎಂದರು.

"ಮಂಗಳವಾರ ಆದಮೇಲೆ ಬಾರ್ಟ್ಲಿ ಒಳಗಿರ್ತಾನೆ ಫಾದರ್," ಎಂದಳು ಡೀಲಿಯಾ. "ಆಮೇಲೆ ನಿಧಾನ ಯಾರಿಗೆ ಬೇಕು?"

"ಅಗೆದು ನೋಡೋಣ ಡೀಲಿಯಾ," ಎಂದ ಮ್ಯಾಟಿ. ಅವನಿಗೆ ನಿಜವಾಗಿಯೂ ಕೆಡುಕೆನಿಸಿತ್ತು. "ಆರಡಿ ಅಗೀತೀನಿ. ಒಂದು ತೊಟ್ಟು ನೀರು ಕಂಡ್ರೂ ಮುಚ್ಚಿಬಿಡ್ತೀನಿ, ಆಯ್ತಾ?"

"ಕಾಣಲ್ಲ ಮ್ಯಾಟಿ. ಇವತ್ತು ಕಾಣಲ್ಲ, ಮಂಗಳವಾರಾನೂ ಕಾಣಲ್ಲ. ಮೂರು ವಾರ ಪೂರ್ವದ ಗಾಳಿ ಬೀಸಿದೆ, ಬಾವಿ ಅಗೆದ್ರೂ ಧೂಳು ಬರತ್ತೆ. ನೀವೆಲ್ಲ ಒಂದು ವಸಂತ ನೋಡಿ ಹೊಲ ನೋಡಿದೀವಿ ಅಂತೀರಿ. ನಾನು ಮೂವತ್ತೇಳು ನೋಡಿದೀನಿ. ಚಳಿಗಾಲ ಮುಗೀಲಿ ಅಂತ ಕಾದು, ಬ್ರಿಜಿಡಳ ಹಿಂದಿನ ದಿನ ಕೊಳವೆ ಕಿತ್ರಿ. ನೀರು ಬಂದಿದ್ದು ಆಮೇಲೆ. ನೀವು ಬಾಗಿಲು ಹಾಕ್ಕೊಂಡು ಹೋದಮೇಲೆ ಕಳ್ಳ ಬಂದ. ಕಳ್ಳ ಬರ್ಲಿಲ್ಲ ಅಂತ ಬರ್ಕೊಟ್ರಿ."

ಜನರಲ್ಲಿ ಗುಸುಗುಸು ಎದ್ದಿತು. ಕೊಳವೆಯ ತಾರೀಖಿನ ಬಗ್ಗೆ ಯಾರೂ ಅದುವರೆಗೆ ಯೋಚಿಸಿರಲಿಲ್ಲ. ಕೊಳವೆ ತೊಳೆದು ಗೋಣಿಯಲ್ಲಿ ಸುತ್ತಿದವನು ಮ್ಯಾಟಿಯೇ. ಅವನು ಸನಿಕೆಯ ಹಿಡಿಯನ್ನು ನೋಡುತ್ತ ನಿಂತ. ಜೆರಾರ್ಡ್‌ನ ಮುಖ ಕೆಂಪಾಯಿತು. ದಾನ ಕೊಟ್ಟವನನ್ನು ಊರ ಮುಂದೆ ಹೀಗೆ ನಿಲ್ಲಿಸುವುದು ಸರಿಯೇ ಎಂದು ಕೇಳಿದ. ತನಗೇನು ಲಾಭವಿತ್ತು ಇದರಲ್ಲಿ ಎಂದ. ಅದೂ ನಿಜವೇ, ಅವನಿಗೆ ಲಾಭವಿರಲಿಲ್ಲ. ಜೊಂಡು ಬೆಳೆಯುವ ಹೊಲವೊಂದನ್ನು ಕೊಟ್ಟು ಒಳ್ಳೆಯ ಹೆಸರು ಪಡೆಯುವ ಆಸೆ ಬಿಟ್ಟರೆ.

"ಲಾಭದ ಮಾತು ನಾನಾಡ್ಲಿಲ್ಲ ಮಗನೇ," ಎಂದಳು ಡೀಲಿಯಾ. "ದಿಬ್ಬದ ನೆತ್ತಿ ಮೇಲೆ ಕಬ್ಬಿಣದ ಬೇಲಿ ಹಾಕಿದ ಹೈನ್ಸರ ಜಾಗ ಇದೆ. ಅದರಲ್ಲಿ ಇನ್ನೂ ನಾಲ್ಕು ಜನಕ್ಕೆ ಜಾಗ ಇದೆ. ನಿಮ್ಮಮ್ಮಂಗೆ ತೊಂಬತ್ತೆರಡು. ನಾಳೆ ಅವರು ಹೋದ್ರೆ ಇಲ್ಲಿಗೆ ತರ್ತೀಯಾ?"

ಜೆರಾರ್ಡ್ ದಿಬ್ಬದ ಬೇಲಿಯ ಕಡೆ ತಿರುಗಿದ. ಅವನ ಹೆಂಡತಿ ಪಕ್ಕದಿಂದ ಅವನ ತೋಳು ಹಿಡಿದಳು. ಎಲ್ಲರಿಗೂ ಉತ್ತರ ತಿಳಿಯಿತು. ಅವನು ಕಡೆಗೆ ಹೇಳಿದ್ದು ಇಷ್ಟು: "ಹಾಗಾದ್ರೆ ನೀವೇ ಹೇಳಿ. ಮೇಲೆ ಎಲ್ಲಿದೆ ಜಾಗ? ಯಾರು ಕೊಡ್ತಾರೆ?"

ಡೀಲಿಯಾ ಒಬ್ಬೊಬ್ಬರನ್ನೇ ನೋಡಿದಳು. ದಿಬ್ಬದ ಮೇಲೆ ತುಂಬದ ಜಾಗ ಉಳ್ಳವರು ಅಲ್ಲಿ ಏಳೆಂಟು ಜನರಿದ್ದರು, ಎಲ್ಲರನ್ನೂ ಅವಳು ಬಲ್ಲಳು. ಒಬ್ಬ ಬೂಟಿನ ದಾರ ಕಟ್ಟಿಕೊಳ್ಳತೊಡಗಿದ. ಒಬ್ಬಳು ಮುಂದಿನ ವಾರದ ಹವೆ ಹೇಗಿರಬಹುದೆಂದು ಆಕಾಶ ನೋಡಿದಳು. ಒಂಟಿ ಮುದುಕನಿಗಾಗಿ ತನ್ನ ಅಪ್ಪನ ಪಕ್ಕದ ಜಾಗ ಬಿಟ್ಟುಕೊಡುವವನು ಯಾವ ಊರಿನಲ್ಲೂ ಸಿಗುವುದಿಲ್ಲ.

"ಕೋಲ್ಮನ್‌ದು ತೆಗೀರಿ," ಎಂದಳು ಡೀಲಿಯಾ.

ಮ್ಯಾಟಿಗೆ ಅರ್ಥವಾಗಲಿಲ್ಲ. ಕೋಲ್ಮನ್ ಡೀಲಿಯಾಳ ಗಂಡ, ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ದಿಬ್ಬದ ಆ ಮೂಲೆಯಲ್ಲಿ ಹಾಸುಬಂಡೆ ಮೇಲಕ್ಕೆ ಬಂದಿರುವುದರಿಂದ ಒಂದು ಜಾಗದಲ್ಲಿ ಇಬ್ಬರಿಗಿಂತ ಹೆಚ್ಚು ಹಿಡಿಸುವುದಿಲ್ಲ. ಕೋಲ್ಮನ್‌ನ ಮೇಲೆ ಉಳಿದಿದ್ದ ಜಾಗ ಒಂದೇ. ಕಲ್ಲಿನ ಮೇಲೆ ಅವನ ಹೆಸರಿನ ಕೆಳಗೆ ಅವಳ ಹೆಸರಿಗೆಂದು ಬಿಟ್ಟ ಖಾಲಿ ಜಾಗವನ್ನು ಊರೆಲ್ಲ ನೋಡಿತ್ತು.

ಫಾದರ್ ಕಿಲೀನ್ ಹತ್ತಿರ ಬಂದು ದನಿ ತಗ್ಗಿಸಿ, ಅದು ಹೆಂಡತಿಯ ಜಾಗ ಎಂದರು. ಜನ ಏನೆಂದುಕೊಂಡಾರು ಎಂದೂ ಸೇರಿಸಿದರು. ಜನ ಆಗಲೇ ಅಂದುಕೊಳ್ಳುತ್ತಿದ್ದರು, ಅವರ ಹುಬ್ಬುಗಳು ಹಣೆಯ ಮೇಲೇರಿದ್ದವು. ಕೋಲ್ಮನ್ ಮತ್ತು ಬಾರ್ಟ್ಲಿ ಒಂದು ಏಣಿಯ ವಿಷಯಕ್ಕೆ ಜಗಳವಾಡಿ ಹನ್ನೆರಡು ವರ್ಷ ಮಾತು ಬಿಟ್ಟವರು. ಆ ಇಬ್ಬರನ್ನು ಒಂದೇ ಗುಂಡಿಯಲ್ಲಿ ಮಲಗಿಸುತ್ತಾಳಂತೆ ಈ ಹೆಂಗಸು.

"ಅಂದ್ಕೊಳ್ಳಲಿ ಫಾದರ್. ಎಪ್ಪತ್ತಾರು ವರ್ಷಕ್ಕೆ ನನ್ನ ಬಗ್ಗೆ ಊರಲ್ಲಿ ಇಂಥಾ ಮಾತು ಹುಟ್ಟೋದಾದ್ರೆ ಅದೂ ಒಂದು ಸಂತೋಷವೇ. ಕೋಲ್ಮನ್‌ಗೆ ಬೇಜಾರಾಗತ್ತೆ, ನಂಗೊತ್ತು. ನಾನೂ ಮೂವತ್ತೆಂಟು ವರ್ಷ ಅವನ ಗೊರಕೆ ಕೇಳಿದೀನಿ." ಅವಳು ಇಮೆಲ್ಡಾಳ ಕಡೆ ತಿರುಗಿದಳು. "ಬಾರ್ಟ್ಲಿ ನನ್ನಲ್ಲಿ ಒಂದೇ ಒಂದು ಕೇಳಿದ. ನಾನು ಬಾಯಿಗೆ ಬಂದದ್ದು ಹೇಳಿ ಎದ್ದು ಬಂದೆ. ಇನ್ನೊಂದ್ಸಲ ಹಾಗೆ ಎದ್ದು ಹೋಗಲ್ಲ. ಇಮೆಲ್ಡಾ, ನಿಂಗೆ ಒಪ್ಪಿಗೆಯೇನಮ್ಮ?"

ಇಮೆಲ್ಡಾ ಅಳುತ್ತಲೇ ತಲೆಯಾಡಿಸಿದಳು. ಫಾದರ್ ಕಿಲೀನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಬೇಡವೆನ್ನಲು ಅವರಿಗೆ ಯಾವ ನಿಯಮವೂ ನೆನಪಾಗಲಿಲ್ಲ. ಡೀಲಿಯಾ ಮ್ಯಾಟಿಯ ಕೈಯಿಂದ ಸನಿಕೆ ತೆಗೆದುಕೊಂಡು ದಿಬ್ಬ ಹತ್ತಿದಳು. ಅವಳ ಹಿಂದೆ ಜನ, ಕೆಲವರು ಹಟಕ್ಕೆ ಮೆಚ್ಚಿ, ಕೆಲವರು ಮುಂದೇನಾಗುವುದೋ ನೋಡಲು, ಒಂದಿಬ್ಬರು ನಾಚಿಕೆಯಿಂದ. ಕೋಲ್ಮನ್‌ನ ಕಲ್ಲಿನ ಮುಂದೆ ನಿಂತು ರಬ್ಬರ್ ಬೂಟಿನ ಹಿಮ್ಮಡಿಯಿಂದ ಸನಿಕೆ ತುಳಿದು, ಮೊದಲ ಹೆಂಟೆಯನ್ನು ತಾನೇ ಎತ್ತಿ ತಿರುಗಿಸಿ ಹಾಕಿದಳು. ಭಾನುವಾರ ಮುಗಿಯಲು ಇನ್ನೂ ಬೇಕಾದಷ್ಟು ಹೊತ್ತಿತ್ತು.

ಸೋಮವಾರ ಮ್ಯಾಟಿಯೂ ಉಳಿದ ಮೂವರೂ ಅಗೆದರು. ನಾಲ್ಕಡಿಗೆ ಕೋಲ್ಮನ್‌ನ ಪೆಟ್ಟಿಗೆಯ ಮೇಲಿನ ಹಾಸುಕಲ್ಲು ಸಿಕ್ಕಿತು, ಅಲ್ಲಿಗೆ ನಿಲ್ಲಿಸಿದರು. ಮಣ್ಣು ಬೆರಳ ಸಂದಿಯಲ್ಲಿ ಉದುರಿಹೋಗುವಷ್ಟು ಒಣಗಿತ್ತು. ಮಂಗಳವಾರ ಪೂಜೆಯಾಗಿ, ಆರು ಜನ ಬಾರ್ಟ್ಲಿಯನ್ನು ಹೊತ್ತು ತಂದು ಹಗ್ಗದಲ್ಲಿ ಇಳಿಸಿದರು. ಇಳಿಸುವಾಗ ಜೆರಾರ್ಡ್ ಹೈನ್ಸ್ ಯಾರೂ ಕರೆಯದಿದ್ದರೂ ಬಂದು ಒಂದು ಹಗ್ಗ ಹಿಡಿದ. ಡೀಲಿಯಾ ಅದನ್ನು ನೋಡಿದಳು, ಬೇಡ ಎನ್ನಲಿಲ್ಲ.

ಕೊನೆಯ ಪ್ರಾರ್ಥನೆ ಮುಗಿಯಿತು. ಫಾದರ್ ಕಿಲೀನ್‌ಗೆ ಮನಸ್ಸು ತಡೆಯಲಿಲ್ಲ, ಜನರ ಎದುರಿಗೇ ಕೇಳಿಬಿಟ್ಟರು: "ಎಲ್ಲ ಸರಿ ಡೀಲಿಯಾ. ನಿಮ್ಮನ್ನ ಎಲ್ಲಿ ಇಡೋದು ನಾವು?"

"ಕೆಳಗಿನ ಹೊಲದಲ್ಲಿ ಫಾದರ್. ಇನ್ನೆಲ್ಲಿದೆ ಜಾಗ?" ಎಂದಳು ಡೀಲಿಯಾ. "ಆದ್ರೆ ನಾನು ಸಾಯೋದು ಫೆಬ್ರವರಿಯಲ್ಲಿ. ಮಳೆ ಜೋರಿರೋ ಫೆಬ್ರವರಿ ನೋಡ್ಕೊಂಡು ಸಾಯ್ತೀನಿ. ನೀವೆಲ್ಲ ಅಲ್ಲಿ ಗುಂಡಿ ಸುತ್ತ ನಿಂತು, ಒಳಗೆ ಏನಿದೆ ಅಂತ ಬಗ್ಗಿ ನೋಡಿ, ಆಮೇಲೆ ನನ್ನ ಇಳಿಸಬೇಕು. ಇಳಿಸೋಕೆ ಧೈರ್ಯ ಬಂದ್ರೆ ಇಳಿಸಿ."

ಜೆರಾರ್ಡ್ ಹೈನ್ಸ್‌ನ ಕೈಯಲ್ಲಿ ಹಗ್ಗ ಇನ್ನೂ ಇತ್ತು. ಅವನು ಅದನ್ನು ಸುತ್ತುವುದು ಬಿಟ್ಟು, ದಿಬ್ಬದ ಬುಡದ ಹೊಲವನ್ನು ಬಹಳ ಹೊತ್ತು ನೋಡಿದ.